ಹೂಜಿಯ ಗೋಡೆಯೊಳಗಿನ ಹೂನೀರು

ನನ್ನ ಅಕ್ಕ ಮೊಂಜಿಯಾ ತೀರಿಕೊಂಡಾಗ ಅವಳು ಬಟ್ಟಿ ಇಳಿಸಿದ್ದ ಕಿತ್ತಳೆ ಹೂವಿನ ನೀರು ಮನೆಯಲ್ಲಿ ಒಂದೇ ಸೀಸೆ ಉಳಿದಿತ್ತು. ಅದನ್ನೂ ಅವಳಿಗೆ ಹೊದಿಸಿದ ಕಫನದ ಬಟ್ಟೆಯ ಮೇಲೆ ಚಿಮುಕಿಸಿ ಮುಗಿಸಿದೆವು. ನಮ್ಮ ನಾಬೆಲ್ ಊರಿನಲ್ಲಿ ಹೂನೀರಿಗೇನು ಬರ? ವಸಂತ ಬಂತೆಂದರೆ ಮನೆಮನೆಯಲ್ಲೂ ತಾಮ್ರದ ಹಂಡೆ ಒಲೆ ಏರುತ್ತದೆ. ಆದರೆ ಒಬ್ಬಳ ಕೈಯದು ಇನ್ನೊಬ್ಬಳಿಗೆ ಬರುವುದಿಲ್ಲ. ಅಕ್ಕ ಹೂವಿನ ಜೊತೆ ಅದೇನೋ ಎಲೆ ಸೇರಿಸುತ್ತಿದ್ದಳು. ಯಾವ ಎಲೆ, ಎಷ್ಟು ಅಂತ ಒಡಹುಟ್ಟಿದ ನನಗೂ ಬಾಯಿ ಬಿಡಲಿಲ್ಲ, ಕಳ್ಳಿ. ಅವಳ ಮೇಲೆ ಆ ಸಿಟ್ಟು ನನಗೆ ಈಗಲೂ ಇದೆ.

ಭಾವ ಮೊನ್ಸಿಫ್ ಮಣ್ಣು ಮಾಡುವಾಗಲೂ ಅಳಲಿಲ್ಲ. ಬಂದವರಿಗೆಲ್ಲ ತಾವೇ ಕಾಫಿ ಕೊಟ್ಟರು. ಆಮೇಲೂ ಹೆಂಡತಿ ಪಕ್ಕದ ಮನೆಗೆ ಹೋಗಿದ್ದಾಳೆ ಅನ್ನುವ ಹಾಗೆ ಓಡಾಡಿಕೊಂಡಿದ್ದರು. ಕುಡಿಯುವ ನೀರಿನ ಮಣ್ಣಿನ ಹೂಜಿಯನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅಕ್ಕ ದಿನಾ ಬೆಳಿಗ್ಗೆ ಅದಕ್ಕೆ ನೀರು ತುಂಬಿ ಮೇಲಷ್ಟು ಹೂನೀರು ಬಿಡುತ್ತಿದ್ದಳು. ಈಗ ಅದು ಒಣಗಿ ಕಿಟಕಿಯಲ್ಲಿ ಕೂತಿತ್ತು.

ಒಂದು ಭಾನುವಾರ ಭಾವ ಅದಕ್ಕೆ ನೀರು ಹಾಕಲು ಹೋದರು. ಮಗಳು ದೊರ್ರಾ ಓಡಿಬಂದು ಕೈ ಹಿಡಿದಳು. ಅವಳು ಟ್ಯೂನಿಸ್‌ನ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಣ್ಣು, ಗಾಜುಗಳ ಒಳಗೆ ಕಣ್ಣಿಗೆ ಕಾಣದ ತೂತುಗಳಿರುತ್ತವಂತೆ. ಬೆರೆತ ದ್ರವಗಳು ಅಲ್ಲಿ ಸಿಕ್ಕಿಕೊಂಡರೆ ಹೇಗೆ ವರ್ತಿಸುತ್ತವೆ ಅಂತ ನೋಡುವುದೇ ಅವಳ ವಿದ್ಯೆ.

"ಹಾಕ್ಬೇಡಿ ಬಾಬಾ! ಅಮ್ಮನ ಹೂನೀರು ಇನ್ನೂ ಇದರ ಗೋಡೆಯೊಳಗಿದೆ."

"ಎಲ್ಲಿದೆ? ಒಣಗಿ ಹಂಚಾಗಿದೆ."

"ಸೀಸೆಲಾದ್ರೆ ಹೂವಿನ ಎಣ್ಣೆ ಬೇರೆಯಾಗಿ ಮೇಲೆ ತೇಲುತ್ತೆ, ಮುಚ್ಚಳ ತೆಗೆದಿಟ್ರೆ ಹಾರಿಹೋಗುತ್ತೆ. ಈ ತೂತುಗಳು ಎಷ್ಟು ಸಣ್ಣವು ಅಂದ್ರೆ, ಅದರೊಳಗೆ ಎಣ್ಣೆಗೂ ನೀರಿಗೂ ತಮ್ಮಿಷ್ಟದ ಹಾಗಿರೋಕೆ ಆಗಲ್ಲ. ಒಂದು ಗೋಡೆಗೆ ಅಂಟ್ಕೊಳ್ಳುತ್ತೆ, ಇನ್ನೊಂದು ನಡುವೆ ಮುದುರ್ಕೊಳ್ಳುತ್ತೆ. ಹೊರಗಾದ್ರೆ ಹಾರಿಹೋಗೋದು ಅಲ್ಲಿ ಎಷ್ಟೋ ಕಾಲ ಕೂತಿರುತ್ತೆ."

ಭಾವ ನಕ್ಕರು. "ನಾನೂ ನಿಮ್ಮಮ್ಮನೂ ಇದ್ದ ಹಾಗೆ ಅನ್ನು. ಜಗಳ ಆಡಿ ದೂರ ಮಲಗೋಣ ಅಂದ್ರೆ ಈ ಮನೇಲಿ ಜಾಗ ಎಲ್ಲಿತ್ತು?"

"ಈಗ ನೀರು ಹಾಕಿದ್ರೆ ಆ ನೀರು ಗೋಡೆ ಹಿಡ್ಕೊಂಡು ಎಣ್ಣೆನ ಹೊರಗೆ ತಳ್ಳುತ್ತೆ. ಒಂದೇ ಸಲ ಘಮ್ ಅಂದು ಮುಗಿದುಹೋಗುತ್ತೆ. ನಂಗೆ ಕೊಡಿ. ಸ್ವಲ್ಪಸ್ವಲ್ಪವೇ ಬರೋ ದಾರಿ ಹುಡುಕ್ತೀನಿ."

"ಎಷ್ಟು ಕಾಲ ಬರುತ್ತೆ?"

"ನೀವಿರೋ ತನಕ ಬರ್ಬೇಕು ಬಾಬಾ."

ಭಾವ ಹೂಜಿಯನ್ನು ತಮ್ಮ ಉಣ್ಣೆಯ ಶಾಲಿನಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೋ ಅಂತ ಬಾಗಿಲವರೆಗೂ ಹೇಳುತ್ತಾ ಹೋದರು.

ದೊರ್ರಾ ಅದಕ್ಕೆ ತನ್ನ ಹೆಸರಿನ ಚೀಟಿ ಅಂಟಿಸಿ ಲ್ಯಾಬಿನ ಕಪಾಟಿನಲ್ಲಿಟ್ಟು ಪಾಠ ಮಾಡಲು ಹೋದಳು. ಅವರ ಲ್ಯಾಬಿನದೊಂದು ರೂಢಿ: ತೂತುಗಳ ವಸ್ತು ಯಾವುದೇ ಬರಲಿ, ಮೊದಲು ಓವನ್ನಿನಲ್ಲಿ ಕಾಯಿಸಿ ಒಳಗಿರುವುದನ್ನೆಲ್ಲ ಓಡಿಸಬೇಕು, ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ. ತೊಳೆಯದ ಮೀನನ್ನು ನಾವು ಬಾಣಲೆಗೆ ಹಾಕುವುದಿಲ್ಲವಲ್ಲ, ಹಾಗೆ. ಅಲ್ಲೇ ಕೆಲಸ ಮಾಡುವ ಗೆಳತಿ ಸಲ್ವಾ ಚೀಟಿ ನೋಡಿದಳು. ತಾಯಿ ಸತ್ತ ದುಃಖದಲ್ಲಿರುವ ಹುಡುಗಿ, ಇದೊಂದು ಕೆಲಸವಾದರೂ ಹಗುರಾಗಲಿ ಅಂದುಕೊಂಡು ಹೂಜಿಯನ್ನು ಓವನ್ನಿಗಿಟ್ಟಳು. ಮನಸ್ಸಿಟ್ಟು ಕಾಯಿಸಿದಳು. ನಾನು ಬೈಯದೆ ಬಿಟ್ಟವರು ಕಡಿಮೆ, ಆದರೆ ಆ ಹುಡುಗಿಯನ್ನು ಬೈಯಲು ನನಗೂ ಬಾಯಿ ಬರಲಿಲ್ಲ.

ದೊರ್ರಾ ಹೂಜಿ ಹಿಡಿದು ನೇರ ನನ್ನ ಮನೆಗೆ ಬಂದಳು. "ಏನೂ ಉಳಿದಿಲ್ಲ ಚಿಕ್ಕಮ್ಮ. ಒಂದು ತೂತನ್ನೂ ಬಿಡದೆ ಖಾಲಿ ಮಾಡಿದ್ದಾಳೆ" ಅಂದು ಬಿಕ್ಕಿದಳು.

"ಸುಮ್ನಿರು. ನನ್ನ ಹೂನೀರು ತುಂಬಿಡೋಣ. ನಿಮ್ಮಪ್ಪನ ಮೂಗಿಗೆ ಗುಲಾಬಿಗೂ ಬೆಳ್ಳುಳ್ಳಿಗೂ ವ್ಯತ್ಯಾಸ ತಿಳಿಯಲ್ಲ."

"ಬಾಬಾಗೆ ಸುಳ್ಳು ಹೇಳೋದಾ?"

"ನಿಜ ಹೇಳಿ ಕೊಲ್ತೀಯಾ?"

ಅವಳು ಕಣ್ಣೊರೆಸಿಕೊಂಡು ಹೂಜಿಯನ್ನು ನನ್ನ ಮುಂದಿಟ್ಟಳು. ಹೂಜಿ ನನ್ನ ಹೂನೀರನ್ನು ಹಸಿದ ಮಗುವಿನ ಹಾಗೆ ಹೀರಿತು. ಒಣಗಿದ ಮೇಲೆ ಇಬ್ಬರೂ ಒಯ್ದು ಕೊಟ್ಟೆವು.

ಭಾವ ಅದಕ್ಕೆ ನೀರು ತುಂಬಿ, ತಣ್ಣಗಾಗುವವರೆಗೂ ಪಕ್ಕದಲ್ಲೇ ಕೂತರು. ಲೋಟಕ್ಕೆ ಬಗ್ಗಿಸಿಕೊಂಡು ಮೂಗಿನ ಹತ್ತಿರ ತಂದರು. ಕಣ್ಣು ಮುಚ್ಚಿದರು, ತೆರೆದರು.

"ಬಹೀಜಾ, ಇದು ನಿನ್ನ ಕೈಯದು."

ನಾನು ತಲೆ ತಗ್ಗಿಸಿದೆ. ದೊರ್ರಾ ತಡೆಯಲಾರದೆ ಓವನ್ನಿನ ಕಥೆಯನ್ನೆಲ್ಲ ಹೇಳಿಬಿಟ್ಟಳು.

"ಒಂದು ಚೂರೂ ಇಲ್ವಾ? ತೀರಾ ಒಳಗಿನ ತೂತಲ್ಲಿ?"

"ಇಲ್ಲ ಬಾಬಾ."

ಭಾವ ಲೋಟ ಕೆಳಗಿಟ್ಟು ಎದ್ದರು. ನಾಲ್ಕು ಹೆಜ್ಜೆ ಹೋದವರು ಗೋಡೆ ಹಿಡಿದು ನಿಂತರು.

"ಮೊಂಜಿಯಾ ಹೋದಳು" ಅಂದರು, ಆಗಷ್ಟೇ ಯಾರೋ ಬಂದು ಸುದ್ದಿ ಮುಟ್ಟಿಸಿದ ಹಾಗೆ. "ಮೊಂಜಿಯಾ ಹೋದಳಮ್ಮಾ, ಎಲ್ಲರಿಗೂ ಹೇಳಿಕಳ್ಸಿ."

ಆಮೇಲೆ ನೆಲಕ್ಕೆ ಕುಸಿದು ಕೂತು ಬಾಯಿ ಬಿಟ್ಟು ಅತ್ತರು. ದೊರ್ರಾ ಅವರ ಕಾಲು ಹಿಡಿದುಕೊಂಡಳು. ಅಳುವ ಸದ್ದಿಗೆ ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ನಿಂತು, ಯಾರು ಹೋದರು ಅಂತ ಕೇಳಿದರು.

ನನ್ನ ಅಕ್ಕ, ಅಂದೆ.