ತಂಗಿ ಗುರುತಿಸದ ದನಿ

ಬೆಳಗಿನ ವಾಕಿಂಗ್ ಮುಗಿಸಿ ಬಂದ ಅಶ್ವತ್ಥನಾರಾಯಣ ಮುಂಬಯಿ ಹತ್ತಿರದ ಡೊಂಬಿವಲಿಯ ತಮ್ಮ ಹೌಸಿಂಗ್ ಸೊಸೈಟಿಯ ಲಿಫ್ಟ್ ಮುಂದೆ ಕುಸಿದುಬಿದ್ದರು. ವಾಚ್‌ಮನ್ ಜಯೇಶ್ ಮುಖಕ್ಕೆ ನೀರು ಚಿಮುಕಿಸಿ, ಬೇಡವೆಂದರೂ ಕೇಳದೆ, ರಿಕ್ಷಾದಲ್ಲಿ ಆಸ್ಪತ್ರೆಗೆ ತಂದುಬಿಟ್ಟು ತನ್ನ ಗೇಟಿಗೆ ಮರಳಿದ.

ಎದೆನೋವಿರಲಿಲ್ಲ, ಬೆನ್ನುನೋವೂ ಇರಲಿಲ್ಲ. ಇಸಿಜಿ ಸರಿಯಾಗಿತ್ತು. ಖಾಲಿ ಹೊಟ್ಟೆಯ ತಲೆಸುತ್ತು ಎಂದುಕೊಂಡು ಅವರು ಚಪ್ಪಲಿ ಹುಡುಕತೊಡಗಿದರು.

ಡ್ಯೂಟಿ ಡಾಕ್ಟರ್ ಸಂಯುಕ್ತಾ ಹೆಸರು ನೋಡಿ ಕನ್ನಡದಲ್ಲೇ ಕೇಳಿದಳು. "ಗಂಟಲು ಯಾವಾಗಿಂದ ಹೀಗೆ ಕಟ್ಟಿದೆ ಸರ್?"

"ಕಟ್ಟಿದ್ಯಾ?" ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ಮನೇಲಿ ಯಾರೂ ಹೇಳ್ಲಿಲ್ವಾ?"

"ಒಬ್ಬನೇ ಇರೋದಮ್ಮ. ಅಕೌಂಟ್ಸ್ ಕೆಲಸ, ಮನೆಯಿಂದ್ಲೇ. ಎಲ್ಲಾ ಚಾಟಲ್ಲೇ ಆಗ್ಹೋಗತ್ತೆ." ತಡೆದು ಹೇಳಿದರು, "ಹೋದ ವಾರ ಯಾರ ಹತ್ರ ಮಾತಾಡಿದೆ ಅಂತ ನೆನಪೇ ಆಗ್ತಿಲ್ಲ."

ಸಂಯುಕ್ತಾ ಅವರ ಎರಡೂ ಮಣಿಕಟ್ಟು ಹಿಡಿದಳು. ಬಲಗೈ ನಾಡಿ ಚೆನ್ನಾಗಿ ಬಡಿಯುತ್ತಿತ್ತು. ಎಡಗೈಯದು ಸಿಕ್ಕೂ ಸಿಗದಂತಿತ್ತು. ಎರಡೂ ತೋಳಿನ ಬಿಪಿಗೆ ಬಹಳ ವ್ಯತ್ಯಾಸ. ಏಳಲೂ ಬಿಡದೆ ಸಿಟಿ ಸ್ಕ್ಯಾನಿಗೆ ಕಳಿಸಿದಳು.

"ಹೃದಯದಿಂದ ಹೊರಡೋ ದೊಡ್ಡ ರಕ್ತನಾಳದ ಒಳಪದರ ಸೀಳಿದೆ ಸರ್. ಅದು ಊದಿ ದನಿಯ ನರಾನ ಒತ್ತುತ್ತಿದೆ. ಕೆಲವರಿಗೆ ನೋವೇ ಬರಲ್ಲ. ನವಿ ಮುಂಬಯಿಗೆ ಕಳಿಸ್ತೀವಿ, ಇವತ್ತೇ ಆಪರೇಷನ್ ಆಗ್ಬೇಕು. ಯಾರಿಗೆ ತಿಳಿಸ್ಲಿ?"

ಮೈಸೂರಿನ ತಂಗಿ ರುಕ್ಮಿಣಿಯ ನಂಬರೊಂದೇ ಅವರಿಗೆ ಬಾಯಿಪಾಠ. ಅವಳೊಡನೆ ಯುಗಾದಿಗೆ ಮಾತಾಡಿದ್ದೇ ಕೊನೆ. ಸಂಯುಕ್ತಾ ತನ್ನ ಮೊಬೈಲನ್ನು ಅವರ ಕಿವಿಗಿಟ್ಟಳು.

"ರುಕ್ಮಿಣಿ, ನಾನು."

"ನಾನು ಅಂದ್ರೆ ಯಾರು?"

"ಅಶ್ವತ್ಥ ಕಣೇ."

"ನಮ್ಮಣ್ಣನ ದನಿ ನಂಗೆ ಗೊತ್ತಾಗಲ್ವಾ? ಇಡ್ರೀ ಫೋನು!"

ಅವರು ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡರು. ಸಂಯುಕ್ತಾ ತಾನೇ ಮತ್ತೆ ಫೋನ್ ಮಾಡಿ ವಿವರಿಸಿದಳು. ಆ ಕಡೆಯಿಂದ ಅಳು ಕೇಳಿಸಿತು.

ದಾರಿಯಲ್ಲಿ ಶಿಳ್ ಫಾಟಾ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್ ನಿಂತಾಗ ಅವರಿಗೆ ಮೊದಲ ಬಾರಿ ಹೆದರಿಕೆಯಾಯಿತು. ಹಾಗೆಂದು ಕನ್ನಡದಲ್ಲೇ ಹೇಳಿಬಿಟ್ಟರು; ಪಕ್ಕದಲ್ಲಿದ್ದ ನರ್ಸ್‌ಗೆ ಅದು ಬರುತ್ತಿರಲಿಲ್ಲ. ಆಕೆ ಅವರ ಕೈ ಹಿಡಿದುಕೊಂಡಳು.

ಆಪರೇಷನ್ ಆಗಿ ಎಚ್ಚರವಾದಾಗ ರುಕ್ಮಿಣಿ ಬಂದಿದ್ದಳು. ಅವರು ಮನೆ ಸೇರಿದ ಮೇಲೂ ಕೆಲವು ವಾರ ಇದ್ದು, ದಿನವೂ ಊಟದ ಡಬ್ಬಿ ತಂದುಕೊಡುವವರಿಗೆ ಹೇಳಿ, ಮಗಳ ಪರೀಕ್ಷೆಯೆಂದು ಊರಿಗೆ ಹೊರಟಳು. ಅವಳ ರಿಕ್ಷಾ ತಿರುವು ದಾಟುವವರೆಗೂ ಬಾಲ್ಕನಿಯಲ್ಲಿ ನಿಂತಿದ್ದು, ಒಳಗೆ ಬಂದು, ಅಶ್ವತ್ಥನಾರಾಯಣ ಒಬ್ಬರಿಗಾಗುವಷ್ಟು ಕಾಫಿಗೆ ಹಾಲಿಟ್ಟರು.