ಡೋರಿನ್ ಹೇಳಬೇಕೋ ಬೇಡವೋ

ಸಂಜೆ ಏಳೂವರೆಯಾಯಿತೆಂದರೆ ಸೆವ್ರಿನ್ ಬಾಯಿ ಯಾರು ಕರೆದರೂ ಎದ್ದು ಹೋಗುವವರಲ್ಲ. ಲಂಡನ್ನಿನ ಆಲ್ಪರ್ಟನ್ನಿನ ಆ ಸಣ್ಣ ಫ್ಲ್ಯಾಟಿನಲ್ಲಿ ಹೀಟರಿಗೆ ಹತ್ತಿರವಾದ ಸೋಫಾದ ತುದಿ ಅವರದು. ಮಡಿಲಲ್ಲಿ ಬೀನ್ಸೋ ಬೆಳ್ಳುಳ್ಳಿಯೋ ಇರುತ್ತಿತ್ತು. ಕೈ ತನ್ನ ಪಾಡಿಗೆ ಬಿಡಿಸುತ್ತಿತ್ತು, ಕಣ್ಣು ಮಾತ್ರ ಟಿವಿಯಲ್ಲಿ. 'ಟ್ಯಾನರ್ಸ್ ಯಾರ್ಡ್' ಎಂಬ ಆ ಧಾರಾವಾಹಿ ಯಾವ ಕಾಲದಲ್ಲಿ ಶುರುವಾಯಿತೆಂದು ಬ್ರಿಟಿಷರಿಗೇ ಸರಿಯಾಗಿ ನೆನಪಿದ್ದಂತಿರಲಿಲ್ಲ. ಒಂದು ಬೀದಿ, ಒಂದು ಪಬ್, ಒಂದು ಫಿಶ್ ಆ್ಯಂಡ್ ಚಿಪ್ಸ್ ಅಂಗಡಿ. ಅಷ್ಟರೊಳಗೇ ಮದುವೆ, ಬೆಂಕಿ, ಕೊಲೆ, ಕಳ್ಳಬಸಿರು ಎಲ್ಲವೂ ಸರದಿಯಲ್ಲಿ ನಡೆಯುತ್ತಿದ್ದವು. ಉಡುಪಿಯ ಕಾನ್ವೆಂಟಿನ ಅಡುಗೆಮನೆಯಲ್ಲಿ ಸಿಸ್ಟರುಗಳ ಬಾಯಿಂದ ಕಲಿತ ಇಂಗ್ಲಿಷಿನಲ್ಲಿ ಅವರಿಗೆ ಅರ್ಧ ಮಾತು ಅರ್ಥವಾಗುತ್ತಿತ್ತು, ಇನ್ನರ್ಧವನ್ನು ಮುಖ ನೋಡಿ ತುಂಬಿಸಿಕೊಳ್ಳುತ್ತಿದ್ದರು. ತುಂಬಿಸಿಕೊಂಡದ್ದು ತಪ್ಪಾದದ್ದು ಬಹಳ ಕಡಿಮೆ.

ತೊಂಬತ್ತೆಂಟರ ಆ ಅಕ್ಟೋಬರಿನಲ್ಲಿ ಚಿಪ್ಸ್ ಅಂಗಡಿಯ ಡೋರಿನಳಿಗೆ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಅವಳು ಗಂಡನಿಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ. ಒಬ್ಬಳೇ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದು ಏನೂ ಆಗದವಳ ಹಾಗೆ ಮೀನು ಕರಿಯುತ್ತ ನಿಂತಳು. ಇಡೀ ದೇಶ ಎರಡು ಪಾಲಾಯಿತು. ಹೇಳಬೇಕು ಎನ್ನುವವರು ಒಂದು ಕಡೆ, ರಿಸಲ್ಟ್ ಬರುವ ಮೊದಲೇ ಮನೆಯವರ ನೆಮ್ಮದಿ ಯಾಕೆ ಕೆಡಿಸಬೇಕು ಎನ್ನುವವರು ಇನ್ನೊಂದು ಕಡೆ.

ಸೆವ್ರಿನ್ ಬಾಯಿಯ ಸೊಸೆ ರೆನಿಟಾಳಿಗೆ ಮಾತ್ರ ಡೋರಿನಳ ಮೇಲೆ ಕೆಂಡದಂಥ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಆ ಹೆಂಗಸಿಗೆ ಬಾರದ ಕಷ್ಟವಿಲ್ಲ, ಈ ಒಂದು ಕಷ್ಟ ಈಗಲೇ ಬರಬೇಕಿತ್ತೇ? ಯಾಕೆಂದರೆ ರೆನಿಟಾಳ ಎಡ ಎದೆಯಲ್ಲೂ ಒಂದು ಗಂಟಿತ್ತು. ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ಬಡಾವಣೆಯ ಜಿಪಿ ಡಾಕ್ಟರಿಗೆ ತೋರಿಸಿದ್ದಳು, ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಎಂದು ಗಂಡ ಡೆನಿಸನಿಗೆ ಸುಳ್ಳು ಹೇಳಿ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ಸೂಜಿ ಚುಚ್ಚಿಸಿಕೊಂಡು ಬಂದಿದ್ದಳು. ರಿಸಲ್ಟ್ ಬರಬೇಕಿತ್ತು. ಈ ಸಂಗತಿ ಭೂಮಿಯ ಮೇಲೆ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ಡೆನಿಸನ ಅಕ್ಕ ಐರಿನ್ ಇದೇ ರೋಗದಲ್ಲಿ ತೀರಿಕೊಂಡಿದ್ದಳು. ಅಮ್ಮನಿಗೆ ನೋವಾದೀತೆಂದು ಮುಚ್ಚಿಟ್ಟುಕೊಂಡು, ಇನ್ನು ಮುಚ್ಚಿಡುವುದು ಸಾಧ್ಯವೇ ಇಲ್ಲವೆಂದಾದ ಮೇಲೆ ಹೇಳಿದಳು. ಆಗ ಡಾಕ್ಟರುಗಳು ಕೈಚೆಲ್ಲಿದ್ದರು. ಮಗಳನ್ನು ಮಣ್ಣು ಮಾಡಿ ಬಂದ ಸೆವ್ರಿನ್ ಬಾಯಿಯನ್ನು ಡೆನಿಸ್ ಲಂಡನ್ನಿಗೆ ಕರೆದುಕೊಂಡು ಬಂದಿದ್ದ. ಅಂಥವರ ಮುಂದೆ ಹೋಗಿ ನನಗೂ ಗಂಟು ಎಂದು ಹೇಳುವ ಎದೆಗಾರಿಕೆ ರೆನಿಟಾಳಿಗೆ ಇರಲಿಲ್ಲ.

ಡೆನಿಸನಿಗೂ ಅಮ್ಮನದೇ ಚಿಂತೆ. ಬಸ್ ಓಡಿಸಿ ದಣಿದು ಬಂದವನು ರಿಮೋಟಿಗೆ ಕೈ ಹಾಕಿದ. "ಅಮ್ಮಾ, ಬೇರೆ ಚಾನೆಲ್ ಹಾಕ್ತೇನೆ."

"ಮುಟ್ಟಬೇಡ ಅದನ್ನು," ಎಂದರು ಸೆವ್ರಿನ್ ಬಾಯಿ. ಆಮೇಲೆ ಟಿವಿಗೆ ತಿರುಗಿದರು. "ಹೇಳೇ ಮಾರಾಯ್ತಿ! ಗಂಡ ಎದುರಿಗೇ ಕೂತಿದ್ದಾನೆ, ಬಾಯಿ ಬಿಡ್ಲಿಕ್ಕೆ ನಿನಗೆ ಎಂತ ಧಾಡಿ?"

"ಗ್ರ್ಯಾನ್, ಶಿ ಕಾಂಟ್ ಹಿಯರ್ ಯೂ," ಎಂದಳು ಹೋಮ್‌ವರ್ಕಿನಿಂದ ತಲೆಯೆತ್ತದೆ ಮೊಮ್ಮಗಳು ಮಿಶೆಲ್.

"ಹೇಳಿ ಎಂತ ಮಾಡುವುದು ಮಾಂಯ್?" ಅತ್ತೆಯನ್ನು ಕೇಳಿದ ರೆನಿಟಾಳ ದನಿ ಬೇಕಾದದ್ದಕ್ಕಿಂತ ದೊಡ್ಡದಾಗಿಯೇ ಹೊರಟಿತು. "ಏನೂ ಇಲ್ಲ ಅಂತ ಬಂದರೆ? ಸುಮ್ಮನೆ ಎಲ್ಲರನ್ನೂ ಹೆದರಿಸಿದ ಹಾಗೆ ಆಗುವುದಿಲ್ಲವಾ?"

"ಹೆದರಲಿ! ಮನೆಯವರು ಇರುವುದು ಮತ್ತೆ ಯಾಕೆ? ಊಟ ಮಾಡ್ಲಿಕ್ಕೆ ಮಾತ್ರವಾ?"

ರೆನಿಟಾ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮರುದಿನ ರೆನಿಟಾ ಕೆಲಸ ಮಾಡುವ ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಫ್ಯಾಕ್ಟರಿಯಲ್ಲೂ ಅದೇ ರಾಮಾಯಣ. ಊಟದ ಮೇಜಿನಲ್ಲಿ ಗುಜರಾತಿ ಹೆಂಗಸರು ಹೇಳಬೇಕೆಂದರು, ಐರಿಷ್ ಹೆಂಗಸರು ಬೇಡವೆಂದರು. ಒಬ್ಬಳಂತೂ ಡೋರಿನಳ ಗಂಡ ಮೊದಲಿನಿಂದಲೂ ಅಯೋಗ್ಯ, ಅವನಿಗೆ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ ಎಂದು ತೀರ್ಪು ಕೊಟ್ಟು ಬಾಕಿ ಉಳಿದ ಕ್ರಿಸ್ಪ್ಸ್ ಬಾಯಿಗೆ ಸುರಿದುಕೊಂಡಳು. ಒಂದು ಪೇಪರಿನವರು ಫೋನಿನಲ್ಲಿ ವೋಟು ಹಾಕಿ ಎಂದು ನಂಬರು ಬೇರೆ ಕೊಟ್ಟಿದ್ದರು. ಸೆವ್ರಿನ್ ಬಾಯಿ ಮಗನನ್ನು ಗೋಗರೆದು 'ಹೇಳಬೇಕು' ಎಂದು ವೋಟು ಹಾಕಿಸಿದ್ದರು. ರೆನಿಟಾ ಕ್ಯಾಂಟೀನಿನ ಫೋನಿಗೆ ಚಿಲ್ಲರೆ ತುಂಬಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, 'ಬೇಡ' ಎಂದು ಹಾಕಿದಳು. ಅಲ್ಲಿಗೆ ಆ ಮನೆಯ ಅಭಿಪ್ರಾಯ ಬ್ರಿಟನ್ನಿನ ಲೆಕ್ಕದಲ್ಲಿ ಸೊನ್ನೆಯಾಯಿತು.

ಅಕ್ಟೋಬರ್ ಎಂದರೆ ಕನ್ಯೆ ಮರಿಯಮ್ಮನ ಜಪಸರದ ತಿಂಗಳು. ಉಡುಪಿ, ಮಂಗಳೂರು ಕಡೆಯಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಭಾನುವಾರಕ್ಕೊಂದು ಮನೆಯಲ್ಲಿ ಸೇರಿ ಜಪಸರ ಹೇಳಿ, ತಿಂಡಿ ತಿಂದು, ಊರಿನವರ ಸುದ್ದಿಯನ್ನೆಲ್ಲ ಜಾಲಾಡಿಸಿ ಹೋಗುವುದು ವಾಡಿಕೆ. ಆ ಭಾನುವಾರ ಮಧ್ಯಾಹ್ನ ಸರದಿ ಇವರ ಮನೆಯದಾಗಿತ್ತು. ಡೆನಿಸನಿಗೆ ಡ್ಯೂಟಿ. ಜಪ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಕೋರಿಕೆ ಹೇಳಿಕೊಳ್ಳಬೇಕು, ಉಳಿದವರು ಅದಕ್ಕಾಗಿ ಪ್ರಾರ್ಥಿಸಬೇಕು. ಹಾರ್ಲೆಸ್ಡನ್ನಿನ ರೋಜಿ ಮಗನ ಡ್ರೈವಿಂಗ್ ಟೆಸ್ಟಿಗಾಗಿ ಬೇಡಿಕೊಂಡಳು. ಓಸ್ವಿನ್ ಎಂಬವನು ಕೌನ್ಸಿಲ್ಲಿನವರು ಬೇಗ ಫ್ಲ್ಯಾಟ್ ಕೊಡುವಂತಾಗಲಿ ಎಂದ. ಆಮೇಲೆ ಸೆವ್ರಿನ್ ಬಾಯಿ ಕಣ್ಣು ಮುಚ್ಚಿಕೊಂಡು ಶುರು ಮಾಡಿದರು.

"ನಮ್ಮ ಮನೆಯ ಹೆಂಗಸೊಬ್ಬಳು ಎದೆಯಲ್ಲಿ ಗಂಟು ಇಟ್ಟುಕೊಂಡು ಗಂಡನಿಗೂ ಹೇಳದೆ ಒಬ್ಬಳೇ ಹೆದರಿಕೊಂಡಿದ್ದಾಳೆ. ಅವಳಿಗೆ ಧೈರ್ಯ ಕೊಡು ಮರಿಯಮ್ಮಾ. ಅವಳ ಬಾಯಿ ಬಿಡಿಸು."

ರೆನಿಟಾಳ ಜೀವ ಬಾಯಿಗೆ ಬಂತು. ಕೋಣೆಯಲ್ಲಿ ಎಲ್ಲರೂ ಕಣ್ಣುಮುಚ್ಚಿ "ಆಮೆನ್" ಎಂದರು. ಆದರೆ ರೋಜಿ ಒಂದು ಕಣ್ಣು ತೆರೆದು ತನ್ನನ್ನೇ ನೋಡಿದಳೆಂದು ಅವಳಿಗನಿಸಿತು. ನಮ್ಮ ಮನೆಯ ಹೆಂಗಸು ಎಂದರೆ ಇನ್ನು ಯಾರು? ಅತ್ತೆಗೆ ಎಲ್ಲ ಗೊತ್ತಾಗಿದೆ. ಗೊತ್ತಿದ್ದೂ ಇಷ್ಟು ದಿನ ಡೋರಿನಳ ನೆಪದಲ್ಲಿ ತನಗೇ ಬೈಯುತ್ತಿದ್ದರು. ಅವಳು ಎದ್ದು ಸೀದಾ ಅಡುಗೆಮನೆಗೆ ಹೋದಳು, ಒಲೆಯ ಮೇಲೆ ಕಾಯುತ್ತಿದ್ದ ಎಣ್ಣೆಯ ಮುಂದೆ ಬೋಂಡಾದ ಹಿಟ್ಟು ಹಿಡಿದುಕೊಂಡು ಸುಮ್ಮನೆ ನಿಂತಳು.

ಹಿಂದೆಯೇ ಸೆವ್ರಿನ್ ಬಾಯಿ ಬಂದರು. "ಎಣ್ಣೆ ಹೊಗೆಯಾಡ್ತಾ ಉಂಟಲ್ಲ ಮಗಾ, ಎಂತ ನೋಡ್ತಾ ನಿಂತಿದ್ದೀ?"

"ಮಾಂಯ್," ಎಂದಳು ರೆನಿಟಾ. "ಎಲ್ಲರ ಎದುರು ಹೇಳಬೇಕಿತ್ತಾ?"

"ಹೆಸರು ಹೇಳಲಿಲ್ಲವಲ್ಲ. ಮರಿಯಮ್ಮನ ಮುಂದೆ ಹೆಸರು ತೆಗೆಯಲಿಕ್ಕೆ ನನಗೇ ನಾಚಿಕೆಯಾಯ್ತು."

"ಗುರುವಾರ ರಿಸಲ್ಟ್ ಬರ್ತದೆ. ಅಲ್ಲಿಯವರೆಗೆ ಡೆನಿಸ್‌ಗೆ ಹೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೇನೆ."

"ಗುರುವಾರವಾ?" ಸೆವ್ರಿನ್ ಬಾಯಿ ಹುಬ್ಬು ಗಂಟಿಕ್ಕಿದರು. "ಶುಕ್ರವಾರ ಅಂತ ಟಿವಿಯಲ್ಲಿ ಹಾಕಿದ್ದರಲ್ಲ?"

"ಟಿವಿಯಲ್ಲಾ?"

"ಮತ್ತೆ? ಡೋರಿನ್‌ದು."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ದಿನಾ ಸಂಜೆ ತಪ್ಪದೆ ಮನೆಗೆ ಬರುವ ಡೋರಿನಳನ್ನು ಸೆವ್ರಿನ್ ಬಾಯಿ ಯಾವಾಗಲೋ ಮನೆಯವಳೇ ಮಾಡಿಕೊಂಡಿದ್ದರು. ರೆನಿಟಾ ತನ್ನ ಬಾಯಿಂದ ತಾನೇ ಸಿಕ್ಕಿಬಿದ್ದಿದ್ದಳು. ಹೊರಗೆ ಓಸ್ವಿನ್ ಏನೋ ತಮಾಷೆ ಮಾಡಿ ಎಲ್ಲರೂ ನಗುವುದು ಕೇಳಿಸಿತು.

ಸೆವ್ರಿನ್ ಬಾಯಿ ಕೈ ಚಾಚಿ ಗ್ಯಾಸ್ ಆರಿಸಿದರು. ಅವರು ಕುಸಿದು ಬೀಳುತ್ತಾರೆಂದು ರೆನಿಟಾ ಹಿಡಿದುಕೊಳ್ಳಲು ಸಿದ್ಧಳಾಗಿಯೇ ಇದ್ದಳು. ಅವರು ಕುಸಿಯಲಿಲ್ಲ. ಮುಖ ಒಮ್ಮೆ ಬೆಳ್ಳಗಾಯಿತು, ಅಷ್ಟೇ.

"ಯಾವ ಬದಿ?"

"ಎಡ."

"ನೋವು ಉಂಟಾ?"

"ಇಲ್ಲ."

"ಒಬ್ಬಳೇ ಹೋಗಿ ಸೂಜಿ ಹಾಕಿಸಿಕೊಂಡು ಬಂದದ್ದಾ?"

ರೆನಿಟಾ ತಲೆಯಾಡಿಸಿದಳು. ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಅಳು ಒಮ್ಮೆಲೇ ಕಟ್ಟೆಯೊಡೆಯಿತು. ಹಿಟ್ಟು ಮೆತ್ತಿದ ಕೈಯಲ್ಲೇ ಅತ್ತೆಯ ಹೆಗಲು ಹಿಡಿದುಕೊಂಡು, ಹೊರಗಿನವರಿಗೆ ಕೇಳದ ಹಾಗೆ ಅತ್ತಳು. ಸೆವ್ರಿನ್ ಬಾಯಿ ಬೈಯಲಿಲ್ಲ. ಟಿವಿಯಲ್ಲಿದ್ದವಳಿಗೆ ದಿನಾ ಹೇಳುತ್ತಿದ್ದ ಬುದ್ಧಿವಾದದ ಒಂದು ಸೊಲ್ಲೂ ಅವರ ಬಾಯಿಂದ ಬರಲಿಲ್ಲ.

"ಡೆನಿಸ್‌ಗೆ ನೀನೇ ಹೇಳು, ನಿನಗೆ ಬೇಕೆನಿಸಿದಾಗ," ಎಂದರು. "ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಗುರುವಾರ ನಿನ್ನೊಟ್ಟಿಗೆ ನಾನು ಬರುವವಳೇ. ಅದಕ್ಕೆ ಮಾತ್ರ ಬೇಡ ಹೇಳಬೇಡ."

ಆಮೇಲೆ ಸೊಸೆಯ ಕೈಯಿಂದ ಹಿಟ್ಟಿನ ಪಾತ್ರೆ ತೆಗೆದುಕೊಂಡು ಮತ್ತೆ ಒಲೆ ಹೊತ್ತಿಸಿ ಬೋಂಡಾ ಬಿಡತೊಡಗಿದರು. ರೆನಿಟಾ ಪಕ್ಕದಲ್ಲಿ ಮೂಗೊರೆಸಿಕೊಳ್ಳುತ್ತ ನಿಂತಳು. ಗಂಟು ಇದ್ದಲ್ಲೇ ಇತ್ತು. ಹೆದರಿಕೆ ಮಾತ್ರ ಅರ್ಧಕ್ಕರ್ಧ ಇಳಿದಿತ್ತು. ಎಷ್ಟೋ ದಿನಗಳ ಮೇಲೆ ಅವಳಿಗೆ ಹಸಿವಾಯಿತು. ನಿಂತಲ್ಲೇ ಬಿಸಿ ಬೋಂಡಾ ತಿಂದು ನಾಲಿಗೆ ಸುಟ್ಟುಕೊಂಡಳು.

ಗುರುವಾರ ಬೆಳಿಗ್ಗೆ ಸೆವ್ರಿನ್ ಬಾಯಿ ಇಗರ್ಜಿಯ ಪೂಜೆಗೆ ಉಡುವ ಸೀರೆಯುಟ್ಟು, ಮೇಲೊಂದು ಕಾರ್ಡಿಗನ್, ಅದರ ಮೇಲೆ ರೆನಿಟಾಳ ಹಳೇ ಕೋಟು ಹಾಕಿಕೊಂಡು ಹೊರಟರು. ಆಸ್ಪತ್ರೆಯಲ್ಲಿ ಕಾಯುವಾಗ ಎದುರು ಕುರ್ಚಿಯಲ್ಲಿ ಒಬ್ಬಳೇ ಕೂತಿದ್ದ ಇಂಗ್ಲಿಷ್ ಹೆಂಗಸಿಗೆ ಸೆವ್ರಿನ್ ಬಾಯಿ ಚೀಲದಿಂದ ಪೆಪ್ಪರ್‌ಮಿಂಟ್ ತೆಗೆದುಕೊಟ್ಟರು. ಆಕೆ ತೆಗೆದುಕೊಂಡಳು. ರೆನಿಟಾಳಿಗೂ ಒಂದು ಕೊಟ್ಟರು. ಅದು ಕರಗುವ ಮೊದಲೇ ಹೆಸರು ಕರೆದರು.

ಡಾಕ್ಟರ್ ಎಳೆ ಪ್ರಾಯದ ಹೆಂಗಸು. ಕೂರಿಸಿ, ಸುತ್ತಿ ಬಳಸದೆ ಹೇಳಿಬಿಟ್ಟಳು. ಗಂಟು ನಿರಪಾಯದ್ದು, ಕ್ಯಾನ್ಸರ್ ಅಲ್ಲ. ತೆಗೆಯಬೇಕೆಂದೂ ಇಲ್ಲ, ಆಗಾಗ ಬಂದು ತೋರಿಸಿಕೊಂಡು ಹೋದರೆ ಸಾಕು.

ರೆನಿಟಾಳ ಕಿವಿಗೆ ಅದು ಬಿತ್ತು, ಒಳಗೆ ಇಳಿಯಲಿಲ್ಲ. ಅತ್ತೆಗೆ ಕೊಂಕಣಿಯಲ್ಲಿ ಹೇಳೋಣವೆಂದರೆ ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ಸೆವ್ರಿನ್ ಬಾಯಿ ಕುರ್ಚಿಯ ತುದಿಗೆ ಸರಿದು, "ಸೇ ಎಗೇನ್, ಡಾಕ್ಟರ್," ಎಂದರು. ಡಾಕ್ಟರ್ ನಗುತ್ತ ಇನ್ನೊಮ್ಮೆ ಹೇಳಿದಳು. "ಒನ್ ಮೋರ್ ಟೈಮ್, ಪ್ಲೀಸ್." ಮೂರನೆಯ ಸಲ ಹೇಳಿದಾಗ ರೆನಿಟಾಳಿಗೆ ಅದು ತನ್ನದೇ ಸುದ್ದಿಯೆಂದು ತಿಳಿಯಿತು, ಬೆನ್ನಿನಿಂದ ಮಣಭಾರ ಇಳಿದ ಹಾಗಾಗಿ ಹೊಟ್ಟೆ ತುಂಬ ಉಸಿರೆಳೆದುಕೊಂಡಳು. ಕೋಣೆಯಲ್ಲಿ ಗಾಳಿಯಿದೆಯೆಂದು ಆಗಲೇ ಗೊತ್ತಾದದ್ದು.

ಹೊರಗೆ ಫುಟ್‌ಪಾತಿನ ಮೇಲೆ ತೆಳ್ಳಗೆ ಬಿಸಿಲು ಬಿದ್ದಿತ್ತು. ಫೋನ್ ಬೂತ್ ಕಂಡದ್ದೇ ರೆನಿಟಾ ಒಳಗೆ ನುಗ್ಗಿದಳು. ಇನ್ನು ಒಂದು ನಿಮಿಷವೂ ಮುಚ್ಚಿಡುವುದು ಅವಳಿಗೆ ಬೇಕಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಮನೆಯಲ್ಲಿ ಮಲಗಿದ್ದ ಗಂಡನನ್ನು ಫೋನ್ ಎಬ್ಬಿಸಿತು.

"ಡೆನಿಸ್, ಹೆದರಬೇಡ, ಎಲ್ಲ ಸರಿ ಉಂಟು," ಎಂದು ಶುರು ಮಾಡಿದಳು. ಹಾಗೆ ಶುರು ಮಾಡಿದರೆ ಯಾವ ಗಂಡ ಹೆದರದೆ ಇರುತ್ತಾನೆ? ಅವನು ಹೌಹಾರಿದ. ಅವಳು ಗಂಟಿನಿಂದ ಡಾಕ್ಟರಿನವರೆಗೆ ಒಂದೇ ಉಸಿರಿಗೆ ಹೇಳಿದಳು.

"ನೀನು ಅಲ್ಲಿ ಒಬ್ಬಳೇ ಇದ್ದದ್ದಾ?" ಎಂದು ಅವನು ಕೇಳಿದ.

"ಇಲ್ಲ. ಮಾಂಯ್ ಇದ್ದರು."

"ಅಮ್ಮನಾ? ಅಮ್ಮ ಹೇಗಿದ್ದಾರೆ?"

ರೆನಿಟಾ ಗಾಜಿನಾಚೆ ನೋಡಿದಳು. ಸೆವ್ರಿನ್ ಬಾಯಿ ಬೂತಿಗೆ ಒರಗಿ ನಿಂತು, ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಒರೆಸಿದಷ್ಟೂ ನೀರು ಬರುತ್ತಿತ್ತು. "ಮನೆಗೆ ಬಂದು ಹೇಳ್ತೇನೆ," ಎಂದು ಫೋನಿಟ್ಟು ಹೊರಗೆ ಬಂದಳು.

"ಎಲ್ಲ ಸರಿಯಾಯ್ತಲ್ಲ ಮಾಂಯ್, ಈಗ ಅಳುವುದು ಎಂತಕ್ಕೆ?"

"ಸಂತೋಷಕ್ಕೆ ಮಗಾ, ಸಂತೋಷಕ್ಕೇ." ಸೆವ್ರಿನ್ ಬಾಯಿ ಮೂಗೊರೆಸಿಕೊಂಡರು. "ಐರಿನ್ ಕರೆದಿದ್ದರೆ ಅವಳೊಟ್ಟಿಗೂ ಹೀಗೆಯೇ ಹೋಗಿ ಕೂತುಕೊಳ್ತಿದ್ದೆ. ಅವಳು ಕರೆಯಲೇ ಇಲ್ಲ. ನೀನಾದರೂ ನನ್ನನ್ನು ಕರೆದೆಯಲ್ಲ."

ರೆನಿಟಾ ಕರೆದಿರಲಿಲ್ಲ. ಎಣ್ಣೆಯ ಮುಂದೆ ನಿಂತು ಹೆದರಿ ಬಾಯಿ ತಪ್ಪಿ ಆಡಿದ್ದಷ್ಟೇ. ಅದು ಇಬ್ಬರಿಗೂ ಗೊತ್ತಿತ್ತು.

"ಹೌದು ಮಾಂಯ್, ಕರೆದೆ," ಎಂದಳು, ಅತ್ತೆಯ ತೋಳು ಗಟ್ಟಿಯಾಗಿ ಹಿಡಿದುಕೊಂಡು.