ಸಡಿಲವಾದದ್ದು ಸ್ಟೇರಿಂಗು, ಕೆಲಸ ಹೋದದ್ದು ಡ್ರೈವರನದು

ಕಲ್ಲುಕ್ವಾರಿಯ ಜೀಪು ಹಳ್ಳಕ್ಕೆ ಇಳಿಯಿತು. ಅಂದು ಅದನ್ನು ಓಡಿಸುತ್ತಿದ್ದ ಬದಲಿ ಡ್ರೈವರನ್ನು ಕೆಲಸದಿಂದ ತೆಗೆದರು. ಕುಡಿದಿದ್ದ ಎಂದರು. ಅವನು ಕುಡಿದಿರಲಿಲ್ಲ.

ಆ ಜೀಪಿನ ಖಾಯಂ ಡ್ರೈವರಿಗೆ ಜನ ಇಟ್ಟ ಹೆಸರು ಬೆಣ್ಣೆ. ಗುಂಡಿ ಬಿದ್ದ ಏರುದಾರಿಯಲ್ಲೂ ಹಿಂದೆ ಕೂತ ಹೆಂಗಸರ ಬುತ್ತಿ ಚೆಲ್ಲದ ಹಾಗೆ ಗಾಡಿ ಹತ್ತಿಸುತ್ತಾನೆಂದು ಆ ಹೆಸರು. ಅವನು ಜ್ವರ ಬಂದು ಮಲಗಿದ್ದಾಗಲೇ ಇದೆಲ್ಲ ಆದದ್ದು. ಜೀಪಿನಲ್ಲಿ ಅವನ ಹೆಂಡತಿಯೂ ಇದ್ದಳು. ಕ್ವಾರಿಯಲ್ಲಿ ಜಲ್ಲಿ ಹೊರುವ ಕೆಲಸ ಅವಳದು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಅವಳ ಭುಜ ಮಾತ್ರ ಬಾತುಕೊಂಡಿತ್ತು, ತಲೆ ಬಾಚಿಕೊಳ್ಳಲೂ ಎಡಗೈ ಮೇಲೇಳುತ್ತಿರಲಿಲ್ಲ.

ಜೀಪನ್ನು ಎಳೆದು ತಂದು ಬೆಣ್ಣೆಯ ಮನೆ ಮುಂದೆ ನಿಲ್ಲಿಸಿದ್ದರು. ಮಡ್‌ಗಾರ್ಡಿನ ಸೊಟ್ಟ ತೆಗೆದದ್ದೇ ರಿಪೇರಿ. ನಾಳೆ ಬೆಳಿಗ್ಗೆ ಮತ್ತೆ ಜನ ತುಂಬಿಕೊಂಡು ಹತ್ತಬೇಕು ಎಂದು ಕ್ವಾರಿ ಮ್ಯಾನೇಜರರ ಅಪ್ಪಣೆಯಾಗಿತ್ತು.

ಅಂದು ಸಂಜೆ ತಮ್ಮನ ಜ್ವರ ವಿಚಾರಿಸಲು ಬೆಣ್ಣೆಯ ಅಕ್ಕ ಬಂದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವಳು.

“ಹೊಸಬ ಕಣಕ್ಕಾ, ಕೈ ಪಳಗಿಲ್ಲ,” ಎಂದ ಬೆಣ್ಣೆ. “ಇದೇ ಗಾಡೀನ ನಾನು ದಿನಾ ಓಡಿಸಲ್ವಾ? ಒಂದು ದಿನ ದಾರಿ ಬಿಟ್ಟಿದ್ದುಂಟಾ?”

“ನಿನ್ನ ಗಾಡಿ ನೇರ ಹೋಗುತ್ತೇನೋ?”

“ಹೋಗುತ್ತಪ್ಪ! ಒಂಚೂರು ಎಡಕ್ಕೆ ಎಳೆಯುತ್ತೆ, ಅದಕ್ಕೆ ನಾನು ಬಲಕ್ಕೆ ಹಿಡಿದಿರ್ತೀನಿ. ಕಲ್ಲು ಹತ್ತಿದಾಗ ಸ್ಟೇರಿಂಗ್ ಗಡಗಡ ನಡುಗುತ್ತೆ, ಆಗ ಗಟ್ಟಿಯಾಗಿ ಹಿಡ್ಕೋಬೇಕು. ತಿರುವಿನಲ್ಲಿ ಸ್ವಲ್ಪ ಮುಂಚೇನೇ ತಿರುಗಿಸಿಬಿಡಬೇಕು, ಚಕ್ರ ಆಮೇಲೆ ಕೇಳುತ್ತೆ. ಅಷ್ಟೇ.”

ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. “ಈ ಪುರಾಣವನ್ನೆಲ್ಲ ಆ ಬದಲಿಯವನಿಗೆ ಹೇಳಿದ್ದೆಯಾ?”

“ಇಲ್ಲ,” ಎಂದ ಬೆಣ್ಣೆ.

“ಗಾಡಿ ಸರಿ ಇಲ್ಲ ಕಣೋ. ನೀನು ಅದರ ಊನಕ್ಕೆ ಕೈ ಒಗ್ಗಿಸಿಕೊಂಡಿದ್ದೀಯ. ಜನ ಅದನ್ನ ನೋಡಿ ಬೆಣ್ಣೆ ಬೆಣ್ಣೆ ಅಂತಾರೆ, ನೀನು ಉಬ್ಬಿ ಓಡಾಡ್ತೀಯ.”

“ಮೊನ್ನೆ ತಾನೆ ಅಲೈನ್‌ಮೆಂಟ್ ಮಾಡಿಸಿದ್ದಾರೆ!”

“ಕಾಲು ಮುರಿದ ಮಂಚಕ್ಕೆ ಹಾಸಿಗೆ ನೀಟಾಗಿ ಹಾಸಿದ ಹಾಗಾಯ್ತು. ಕೀಲು ಸಡಿಲ ಇದ್ದರೆ, ಚಕ್ರ ಇವತ್ತು ನೇರ ಮಾಡಿದರೂ ನಾಳೆ ಮೊದಲನೇ ಗುಂಡಿಗೇ ಸೊಟ್ಟ. ಏಳು, ನೋಡೋಣ. ಇದು ಒಬ್ಬರಿಂದ ಆಗೋ ಕೆಲಸ ಅಲ್ಲ. ಮೇಲೊಬ್ಬರು ಕೂತು ತಿರುಗಿಸಬೇಕು, ಕೆಳಗೊಬ್ಬರು ಮಲಗಿ ನೋಡಬೇಕು.”

ಮೇಲೆ ಹತ್ತಿದ್ದು ಬೆಣ್ಣೆಯ ಹೆಂಡತಿ. “ಅತ್ತಿಗೆ, ನನಗೆ ಒಂದೇ ಕೈ ಬರೋದು.”

“ಒಂದು ಕೈ ಸಾಕು ತಾಯಿ. ಈ ಮನೆ ಓಡ್ತಿರೋದೇ ಆ ಒಂದು ಕೈಯಲ್ಲಿ,” ಎಂದಳು ಅಕ್ಕ.

ಎಂಜಿನ್ ಬಂದ್ ಮಾಡಿಸಿ, ಹ್ಯಾಂಡ್‌ಬ್ರೇಕ್ ಎಳೆಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಇಡಿಸಿದಳು. ಮೊದಲು ಟೈರಿನ ಗಾಳಿ ನೋಡಿದಳು, ಅದು ಸರಿಯಿತ್ತು. ಆಮೇಲೆ, “ಸ್ಟೇರಿಂಗ್ ಮೆಲ್ಲಗೆ ಅತ್ತಿತ್ತ ಅಲ್ಲಾಡಿಸು. ಜೋರು ಬೇಡ,” ಎಂದಳು.

ಸ್ಟೇರಿಂಗ್ ಒಂದು ಅಂಗೈ ಅಗಲ ತಿರುಗಿತು. ಚಕ್ರ ಮಿಸುಕಲಿಲ್ಲ.

ಬೆಣ್ಣೆ ಗೋಣಿತಾಟು ಹಾಸಿಕೊಂಡು ಜೀಪಿನ ಕೆಳಗೆ ಮಲಗಿದ. “ಸ್ಟೇರಿಂಗಿನಿಂದ ಚಕ್ರದವರೆಗೆ ಒಂದರ ಕೈ ಒಂದು ಹಿಡಿದು ನಿಂತಿವೆ,” ಎಂದು ಅಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳತೊಡಗಿದಳು. “ಸಾಲಾಗಿ ನೋಡ್ಕೊಂಡು ಬಾ. ಒಂದು ಕದಲಿ ಅದರ ಪಕ್ಕದ್ದು ಸುಮ್ಮನಿದ್ದರೆ, ಅಲ್ಲೇ ಇದ್ದಾನೆ ಕಳ್ಳ. ಸಂದಿಗೆ ಬೆರಳು ತೂರಿಸಬೇಡ, ಮೇಲೆ ಅಂಗೈ ಇಡು.”

ಉದ್ದ ರಾಡಿನ ತುದಿಯ ಗುಂಡುಕೀಲಿನ ಮೇಲೆ ಬೆಣ್ಣೆ ಅಂಗೈ ಇಟ್ಟ. ಟಕ್. ಟಕ್. ಒಂದು ಕಡೆ ಆಡುತ್ತಿತ್ತು, ಇನ್ನೊಂದು ಕಡೆ ನಿಂತಿತ್ತು. ಅದರಾಚೆ ನೋಡಿದರೆ, ಸ್ಟೇರಿಂಗ್ ಕಂಬದ ಬುಡದ ಬಾಕ್ಸೇ ಗಾಡಿಯ ಚೌಕಟ್ಟಾದ ಚಾಸಿಯಿಂದ ಬಾಯಿ ಬಿಟ್ಟು ಏಳುತ್ತಿತ್ತು, ಕೂರುತ್ತಿತ್ತು. ಬೋಲ್ಟಿನ ಪಕ್ಕ ಚಾಸಿ ಬಿರುಕು ಬಿಟ್ಟಿತ್ತು.

“ಹಳ್ಳಕ್ಕೆ ಬಿದ್ದಾಗ ಆಗಿರಬೇಕು,” ಎಂದ ಬೆಣ್ಣೆ. ದನಿ ಸಣ್ಣಗಾಗಿತ್ತು.

ಅಕ್ಕ ಟಾರ್ಚು ಕೊಟ್ಟಳು. “ಹೊಸ ಬಿರುಕಾದರೆ ಒಳಗೆ ಬೆಳ್ಳಗೆ ಹೊಳೆಯಬೇಕು. ಹೊಳೀತಾ ಇದೆಯಾ?”

ಬಿರುಕಿನ ಒಳಗೆಲ್ಲ ತುಕ್ಕು ಹಿಡಿದಿತ್ತು. ಹಳೆಯ, ದಪ್ಪ, ಕಂದು ತುಕ್ಕು.

ಬೆಣ್ಣೆ ಬಹಳ ಹೊತ್ತು ಹೊರಗೆ ಬರಲಿಲ್ಲ. ತನ್ನ ಕೈ ದಿನಾ ಮುಚ್ಚಿಟ್ಟದ್ದು ಇದನ್ನೇ. ಆ ಬದಲಿಯವನ ಅನ್ನಕ್ಕೆ ಕಲ್ಲು ಬಿದ್ದದ್ದು ಇದರಿಂದಲೇ.

“ಏನ್ರೀ, ಅಲ್ಲೇ ನಿದ್ದೆ ಹೋದ್ರಾ?” ಎಂದು ಹೆಂಡತಿ ಮೇಲಿನಿಂದ ಕೂಗಿದಳು. ಅವನು ಕೆಳಗಿನಿಂದಲೇ ಹಳೆ ಬಿರುಕಿನ ವಿಷಯ ಹೇಳಿದ್ದು ಕೇಳಿ ಸ್ಟೇರಿಂಗಿನಿಂದ ಕೈ ತೆಗೆದಳು. “ಹಾಗಾದರೆ ನಾಳೆ ನಾನು ಇದನ್ನ ಹತ್ತಲ್ಲ. ಓಡಿಸೋರು ನೀವೇ ಆದರೂ ಹತ್ತಲ್ಲ. ಮಿಕ್ಕವರಿಗೂ ಈಗಲೇ ಹೋಗಿ ಹೇಳ್ತೀನಿ.”

ಕೇಳಿಸಿಕೊಳ್ಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನು ಕಾಡಿಗೆ, ಕ್ವಾರಿಗೆ, ತೋಟಕ್ಕೆ ಹೊತ್ತೊಯ್ಯುವ ಗಾಡಿಯನ್ನೂ ಹೀಗೆ ನೋಡಿಸಿ. ಸ್ಟೇರಿಂಗ್ ನಡುಗಿದರೆ, ಗಾಡಿ ಒಂದು ಕಡೆಗೆ ಎಳೆದರೆ, ತಿರುಗಿಸಿದಷ್ಟು ಚಕ್ರ ತಿರುಗದಿದ್ದರೆ ಅಭ್ಯಾಸವಾಗಿದೆ ಎಂದು ಸುಮ್ಮನಿರಬೇಡಿ. ಟೈರಿನ ಮೈಮೇಲೆ ಅಡ್ಡಲಾಗಿ ಅಂಗೈ ಸವರಿ: ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಒರಟು ಎನಿಸಿದರೆ ಚಕ್ರ ಸೊಟ್ಟಗೆ ಓಡುತ್ತಿದೆ. ಸವೆದ ಕೀಲು ಬದಲಾಗಲಿ, ಬಿರುಕಿಗೆ ಬೆಸುಗೆ ಬೀಳಲಿ, ಅಲೈನ್‌ಮೆಂಟ್ ಆಮೇಲೆ. ಗಾಡಿ ಓಡಿಸುವವನನ್ನು ಬೈಯುವ ಮೊದಲು ಗಾಡಿಯ ಕೆಳಗೆ ಬಗ್ಗಿ. ಹತ್ತಿ ಕೂರುವವರು ನೀವು. ಕೇಳುವ ಹಕ್ಕೂ ನಿಮ್ಮದೇ.

ಬೆಳಿಗ್ಗೆ ಏನಾಯಿತು ಅಂತೀರಾ?

ಹೆಂಗಸರೆಲ್ಲ ಬುತ್ತಿ ಹಿಡಿದು ಬಂದರು, ಜೀಪಿನ ಸುತ್ತ ನಿಂತರು, ಒಬ್ಬಳೂ ಹತ್ತಲಿಲ್ಲ. ಮ್ಯಾನೇಜರು ಬೈಕಿನಲ್ಲಿ ಬಂದರು. ಬೆಣ್ಣೆ ಹೇಳಿದ್ದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳಿದರು.

“ಬಾಕ್ಸಿನ ಮೇಲಿನ ಸ್ಕ್ರೂ ಒಂದು ಸುತ್ತು ಬಿಗಿ ಮಾಡಯ್ಯಾ, ಎಲ್ಲ ಸರಿಹೋಗುತ್ತೆ.”

“ಅದು ಬರೀ ಮೇಲ್ನೋಟದ ರಿಪೇರಿ ಸಾರ್, ನಮ್ಮಕ್ಕ ಹೇಳಿದ್ದಾಳೆ. ತಿರುಗಿಸಿದ ಸ್ಟೇರಿಂಗ್ ವಾಪಸ್ ಬರದೆ ಕಚ್ಚಿಕೊಳ್ಳುತ್ತೆ. ಕೀಲು, ಬಿರುಕು ಹಾಗೇ ಇರುತ್ತವೆ.”

“ಓಡಿಸು. ಇಲ್ಲಾಂದ್ರೆ ಕೀ ಕೊಡು, ಓಡಿಸೋರು ಬೇಕಾದಷ್ಟು ಜನ ಇದ್ದಾರೆ.” ಮ್ಯಾನೇಜರು ಕೈ ಚಾಚಿದರು.

ಬೆಣ್ಣೆ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಬೆನ್ನ ಹಿಂದೆ ಕೈ ಕಟ್ಟಿದ.

“ಓಡಿಸಲ್ಲ ಸಾರ್. ಕೀನೂ ಕೊಡಲ್ಲ. ಮೊದಲು ಆ ಬದಲಿಯವನನ್ನ ಕರೆಸಿ. ಮೇಲೆ ಕೂತು ಸ್ಟೇರಿಂಗ್ ಅಲ್ಲಾಡಿಸೋಕೆ ಒಬ್ಬರು ಬೇಕು, ಅವನು ಅಲ್ಲಾಡಿಸಲಿ. ಗೋಣಿತಾಟು ಹಾಸಿದ್ದೀನಿ. ಕೆಳಗೆ ಮಲಗಿ ನೀವು ನೋಡಿ.”